ಹಡಗು ಹತ್ತದ ಲೇಸರ್: ಒಬ್ಬ ಭೌತಶಾಸ್ತ್ರಜ್ಞರ ವೃತ್ತಿಜೀವನದ ಪ್ರಕರಣ ಅಧ್ಯಯನ

ಇದು ಅಮೆರಿಕದ ಒಬ್ಬ ಭೌತಶಾಸ್ತ್ರಜ್ಞರ ಪ್ರಕರಣ. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಅವರು ಯುದ್ಧನೌಕೆಗೆ ಲೇಸರ್ ಅಸ್ತ್ರ ಕೂರಿಸುವ ಕೆಲಸದಲ್ಲಿ ತೊಡಗಿದ್ದರು. ಕೊನೆಗೆ ಹಡಗಿಗೆ ಲೇಸರ್ ಬಂತು. ಆದರೆ ಅದು ಅವರು ನಂಬಿದ್ದ ಲೇಸರ್ ಅಲ್ಲ, ಅವರ ಕ್ಷೇತ್ರದವರು ಅಷ್ಟೇನೂ ಗೌರವ ಕೊಡದ ಇನ್ನೊಂದು. ಹಾಗಿದ್ದೂ ಅವರ ಸಂಶೋಧನಾ ಗುಂಪು ಮುಚ್ಚಲಿಲ್ಲ. ಅದು ಹೇಗೆ ಉಳಿಯಿತು, ಯಾವ ನಿರ್ಧಾರ ಅದನ್ನು ಉಳಿಸಿತು ಎಂಬುದು ಇಲ್ಲಿ ನೋಡಬೇಕಾದ ವಿಷಯ.

ಹೆಸರು, ಊರು, ಸಂಸ್ಥೆ ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಈ ಕ್ಷೇತ್ರದಲ್ಲಿ ದುಡಿದವರ ಅನುಭವಗಳನ್ನು ಬೆಸೆದು ಒಬ್ಬರ ಕತೆಯಾಗಿ ಕಟ್ಟಿದ್ದೇನೆ. ಅವರನ್ನು ಪ್ರೊಫೆಸರ್ ಎಂದಷ್ಟೇ ಕರೆಯೋಣ. ಸರ್ಕಾರಿ ಯೋಜನೆಗಳ ಹೆಸರು, ಇಸವಿ, ಅಂಕಿಗಳು ಮಾತ್ರ ದಾಖಲೆಯಲ್ಲಿ ಇದ್ದ ಹಾಗೇ ಇವೆ.

ಹಿನ್ನೆಲೆ

ಪ್ರೊಫೆಸರ್ ಪಿಎಚ್‌ಡಿ ಮಾಡುತ್ತಿದ್ದ ಹೊತ್ತಿಗೆ ಫ್ರೀ ಎಲೆಕ್ಟ್ರಾನ್ ಲೇಸರ್ ಹೊಸ ವಿಷಯ. 1971ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಮೇಡಿ ಇದರ ಸಿದ್ಧಾಂತ ಮಂಡಿಸಿದ್ದರು. 1976ರಲ್ಲಿ ಅವರ ತಂಡ ಇದರಿಂದ ಬೆಳಕನ್ನು ವರ್ಧಿಸಿ ತೋರಿಸಿತು. ಮರುವರ್ಷ 3.4 ಮೈಕ್ರಾನ್ (ಮೈಕ್ರಾನ್ ಅಂದರೆ ಮೀಟರ್‌ನ ಹತ್ತು ಲಕ್ಷದ ಒಂದು ಪಾಲು) ತರಂಗಾಂತರದಲ್ಲಿ ನಿಜವಾದ ಲೇಸರ್ ಆಗಿಯೇ ಅದು ಕೆಲಸ ಮಾಡಿತು.

ಸಾಮಾನ್ಯ ಲೇಸರ್‌ನಲ್ಲಿ ಬೆಳಕು ಹುಟ್ಟುವುದು ಒಂದು ಹರಳಿನಲ್ಲೋ ಅನಿಲದಲ್ಲೋ. ಬಣ್ಣ ಯಾವುದು ಅಂತ ಆ ವಸ್ತುವೇ ತೀರ್ಮಾನಿಸುತ್ತದೆ. ಇಲ್ಲಿ ಹಾಗಲ್ಲ. ಬೆಳಕಿನ ವೇಗದ ಹತ್ತಿರ ಓಡುವ ಎಲೆಕ್ಟ್ರಾನ್‌ಗಳನ್ನು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಸಾಲಾಗಿ ಜೋಡಿಸಿದ ಅಯಸ್ಕಾಂತಗಳ ನಡುವೆ ಬಿಡುತ್ತಾರೆ. ಈ ಸಾಲಿಗೆ ಅಂಡ್ಯುಲೇಟರ್ ಅಂತ ಹೆಸರು. ಎಲೆಕ್ಟ್ರಾನ್‌ಗಳು ಅಲ್ಲಿ ಅತ್ತಿತ್ತ ಓಲಾಡಿ ಬೆಳಕು ಚೆಲ್ಲುತ್ತವೆ. ಎಲೆಕ್ಟ್ರಾನ್ ಶಕ್ತಿ 100 ಮೆಗಾ ಎಲೆಕ್ಟ್ರಾನ್ ವೋಲ್ಟ್, ಅಯಸ್ಕಾಂತದ ಒಂದು ಆವರ್ತ 5 ಸೆಂಟಿಮೀಟರ್ ಇದ್ದರೆ ಸುಮಾರು 1 ಮೈಕ್ರಾನ್ ಬೆಳಕು ಬರುತ್ತದೆ. ಶಕ್ತಿಯನ್ನು 80ಕ್ಕೆ ಇಳಿಸಿ, 1.5 ಮೈಕ್ರಾನ್ ಸಿಗುತ್ತದೆ. ಅಂದರೆ ಎಲೆಕ್ಟ್ರಾನ್ ವೇಗವರ್ಧಕದ ಗುಂಡಿ ತಿರುಗಿಸಿ ಬಣ್ಣ ಆರಿಸಿಕೊಳ್ಳಬಹುದು. ಕರಗಿ ಸೀಳುವ ಹರಳಿಲ್ಲ, ಹೊರಹಾಕಬೇಕಾದ ವಿಷಾನಿಲವಿಲ್ಲ. ಒಬ್ಬ ಸಿದ್ಧಾಂತಿಗೆ ಇದಕ್ಕಿಂತ ಚೆಂದದ ಯಂತ್ರ ಬೇಕಾ?

1983ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ತಮ್ಮ ಕ್ಷಿಪಣಿ ರಕ್ಷಣಾ ಯೋಜನೆ ಘೋಷಿಸಿದರು. ಅಲ್ಲಿಯವರೆಗೆ ಕೆಲವೇ ಪ್ರಯೋಗಾಲಯಗಳ ಕುತೂಹಲವಾಗಿದ್ದ ಫ್ರೀ ಎಲೆಕ್ಟ್ರಾನ್ ಲೇಸರ್‌ಗೆ ಏಕಾಏಕಿ ಹಣ ಹರಿಯಿತು. ಆಗ ಬಹಳ ಭೌತಶಾಸ್ತ್ರಜ್ಞರು ಎರಡು ಪಾಳಯವಾದರು. ಈ ಯೋಜನೆಯ ಹಣ ಮುಟ್ಟುವುದಿಲ್ಲ ಅಂತ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಾವಿರಾರು ವಿಜ್ಞಾನಿಗಳು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. ಪ್ರೊಫೆಸರ್ ಸಹಿ ಹಾಕಲಿಲ್ಲ. ಕ್ಷಿಪಣಿ ರಕ್ಷಣೆಯ ಮೇಲೆ ಅವರಿಗೆ ನಂಬಿಕೆ ಇತ್ತು ಅಂತಲ್ಲ. ಉಪಗ್ರಹ ದೂರದ ಗುರಿಗೆ ಲೇಸರ್ ಬೀರುವ ಮಾತು ಅವರಿಗೂ ಅತಿಯೇ ಅನಿಸಿತ್ತು. 1987ರಲ್ಲಿ ಅಮೆರಿಕನ್ ಫಿಸಿಕಲ್ ಸೊಸೈಟಿಯ ಅಧ್ಯಯನ ಬಂತು. ನಿಕೋಲಾಸ್ ಬ್ಲೂಮ್‌ಬರ್ಗನ್ ಮತ್ತು ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದ ಕುಮಾರ್ ಪಟೇಲ್ ಅದರ ಮುಂದಾಳುಗಳು. ಇಂಥ ಅಸ್ತ್ರಗಳು ಸಾಧ್ಯವೇ ಅಂತ ತಿಳಿಯಲಿಕ್ಕೇ ಇನ್ನೂ ಒಂದು ದಶಕ ಅಥವಾ ಅದಕ್ಕಿಂತ ಹೆಚ್ಚು ಸಂಶೋಧನೆ ಬೇಕು ಅಂತ ಅದು ಹೇಳಿತು. ಆ ವರದಿಯಲ್ಲಿ ಬಹಳ ಜನ 'ಆಗಲ್ಲ' ಎಂಬುದನ್ನು ಓದಿದರು. ಪ್ರೊಫೆಸರ್ ಓದಿದ್ದು ಬೇರೆ: ಸಾವಿರಾರು ಕಿಲೋಮೀಟರ್ ದೂರಕ್ಕೆ ಆಗದಿದ್ದರೆ, ಐದು ಕಿಲೋಮೀಟರ್‌ಗೆ?

ಐದು ಕಿಲೋಮೀಟರ್ ಅಂದರೆ ನೌಕಾಪಡೆಯ ದೂರ. ಹಡಗಿನ ಮೇಲೆ ನುಗ್ಗಿ ಬರುವ ಕ್ಷಿಪಣಿ, ಸಣ್ಣ ದೋಣಿ, ಡ್ರೋನ್. ಪ್ರೊಫೆಸರ್ ನೌಕಾಪಡೆಯ ಅಧಿಕಾರಿಗಳಿಗೆ ಪಾಠ ಮಾಡುವ ಒಂದು ಉನ್ನತ ಶಿಕ್ಷಣ ಸಂಸ್ಥೆಗೆ ಸೇರಿಕೊಂಡರು. ದೊಡ್ಡ ವಿಶ್ವವಿದ್ಯಾಲಯದ ಹುದ್ದೆ ಬಿಟ್ಟು ಅಲ್ಲಿಗೆ ಹೋದದ್ದನ್ನು ಆಗ ಯಾರೂ ಜಾಣತನ ಅನ್ನಲಿಲ್ಲ.

ಸಮಸ್ಯೆ

ಮೇಲ್ನೋಟಕ್ಕೆ ಸಮಸ್ಯೆ ಒಂದೇ: ಲೇಸರ್‌ನ ಶಕ್ತಿ ಹೆಚ್ಚಿಸುವುದು. ಒಳಗೆ ಇಳಿದರೆ ಮೂರು.

ಮೊದಲನೆಯದು ಯಂತ್ರದ್ದು. ಎಲೆಕ್ಟ್ರಾನ್ ಕಿರಣದ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲು ಬೆಳಕಾದರೆ ಒಳ್ಳೆಯ ಫ್ರೀ ಎಲೆಕ್ಟ್ರಾನ್ ಲೇಸರ್ ಅನ್ನಬೇಕು. 1 ಮೆಗಾವಾಟ್ ಬೆಳಕು ಬೇಕಾದರೆ 100 ಮೆಗಾವಾಟ್ ಎಲೆಕ್ಟ್ರಾನ್ ಕಿರಣ ಬೇಕು, ಅಂದರೆ 100 ಮೆಗಾ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಪೂರ್ತಿ 1 ಆಂಪಿಯರ್ ಪ್ರವಾಹ. ಬಳಸಿದ ಕಿರಣವನ್ನು ಮತ್ತೆ ವೇಗವರ್ಧಕದೊಳಗೆ ಹಿಂದಿರುಗಿಸಿ, ನಿಧಾನಗೊಳಿಸಿ, ಅದರ ಶಕ್ತಿಯನ್ನು ಮುಂದಿನ ಎಲೆಕ್ಟ್ರಾನ್‌ಗಳಿಗೆ ಕೊಡುವ ಉಪಾಯ ಇದೆ. ವರ್ಜೀನಿಯಾದ ಜೆಫರ್ಸನ್ ಲ್ಯಾಬ್ ಇದನ್ನು ಮಾಡಿ ತೋರಿಸಿತು. ಅದಕ್ಕೆ ಸೂಪರ್‌ಕಂಡಕ್ಟಿಂಗ್ ನಯೋಬಿಯಂ ಕ್ಯಾವಿಟಿಗಳು, ಅಂದರೆ ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುವ ಲೋಹದ ಪೊಳ್ಳು ಕೋಶಗಳು ಬೇಕು, ಅವುಗಳನ್ನು 2 ಕೆಲ್ವಿನ್ (ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್) ಹತ್ತಿರ ತಣ್ಣಗಿಡಲು ದ್ರವ ಹೀಲಿಯಂ ಬೇಕು, ಎಕ್ಸ್‌ರೇ ತಡೆಯಲು ದಪ್ಪ ಗೋಡೆ ಬೇಕು.

ಎರಡನೆಯದು ಗಾಳಿಯದು. ಇದನ್ನು ಕಲಿಸಿದ್ದು ಮಿರಾಕಲ್ ಎಂಬ ಲೇಸರ್. ನೌಕಾಪಡೆಗೆಂದೇ ಕಟ್ಟಿದ, 1980ರಲ್ಲಿ ಮೊದಲು ಬೆಳಗಿದ ಮೆಗಾವಾಟ್ ದರ್ಜೆಯ ರಾಸಾಯನಿಕ ಲೇಸರ್ ಅದು. ತರಂಗಾಂತರ 3.8 ಮೈಕ್ರಾನ್ ಆಸುಪಾಸು. ಶಕ್ತಿಗೇನೂ ಕಮ್ಮಿ ಇರಲಿಲ್ಲ. ತೊಂದರೆ ಕೊಟ್ಟದ್ದು ಸಮುದ್ರದ ಗಾಳಿ. ಆ ತರಂಗಾಂತರದ ಬೆಳಕನ್ನು ಗಾಳಿ ಸ್ವಲ್ಪ ಹೀರುತ್ತದೆ. ಹೀರಿದ ಗಾಳಿ ಬಿಸಿಯಾಗಿ ತೆಳುವಾಗುತ್ತದೆ. ತೆಳುವಾದ ಗಾಳಿ ಕಿರಣವನ್ನು ಹರಡಿಬಿಡುತ್ತದೆ. ಥರ್ಮಲ್ ಬ್ಲೂಮಿಂಗ್ ಅಂತ ಕರೆಯುವುದು ಇದನ್ನೇ. ಇದರಲ್ಲಿ ಒಂದು ಕೇಡಿದೆ: ಒಂದು ಮಟ್ಟ ದಾಟಿದ ಮೇಲೆ ಶಕ್ತಿ ಹೆಚ್ಚಿಸಿದಷ್ಟೂ ಗುರಿಯ ಮೇಲೆ ಬೀಳುವ ತೀವ್ರತೆ ಕಮ್ಮಿಯಾಗುತ್ತದೆ. ಅಡ್ಡಗಾಳಿ ಬೀಸುತ್ತಿದ್ದರೆ ಬಿಸಿ ಗಾಳಿ ಸರಿದುಹೋಗುತ್ತದೆ, ಕಿರಣ ಪಕ್ಕಕ್ಕೆ ತಿರುಗುತ್ತಿದ್ದರೂ ಅಷ್ಟೇ. ಆದರೆ ಕ್ಷಿಪಣಿ ನೇರ ಹಡಗಿಗೇ ಗುರಿಯಿಟ್ಟು ಬಂದರೆ ಕಿರಣ ತಿರುಗುವುದೇ ಇಲ್ಲ. ಅತಿ ಅಪಾಯದ ಗುರಿಯ ಎದುರೇ ಲೇಸರ್ ಸೊರಗುತ್ತದೆ.

ಪ್ರೊಫೆಸರ್ ಫ್ರೀ ಎಲೆಕ್ಟ್ರಾನ್ ಲೇಸರ್ ಹಿಡಿದು ಕೂತದ್ದು ಇದೇ ಕಾರಣಕ್ಕೆ. ನೀರಾವಿ ಕಮ್ಮಿ ಹೀರುವ ಕಿಟಕಿಗಳು 1.06, 1.6, 2.2 ಮೈಕ್ರಾನ್ ಹತ್ತಿರ ಇವೆ. ಬಣ್ಣ ಆರಿಸಿಕೊಳ್ಳುವ ಲೇಸರ್ ಇದ್ದರೆ ಬೇಕಾದ ಕಿಟಕಿಯಲ್ಲಿ ತೂರಿಸಬಹುದು. ತರ್ಕದಲ್ಲಿ ಲೋಪ ಇರಲಿಲ್ಲ.

ಮೂರನೆಯ ಸಮಸ್ಯೆ ವೃತ್ತಿಯದು. ಇದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಅಸ್ತ್ರದ ಸಂಶೋಧನೆಯಲ್ಲಿ ಒಳ್ಳೆಯ ಫಲಿತಾಂಶ ಬಂದರೆ ಅದಕ್ಕೆ ಗುಟ್ಟಿನ ಮುದ್ರೆ ಬೀಳಬಹುದು. ಮುದ್ರೆ ಬಿದ್ದದ್ದು ಪ್ರಕಟವಾಗುವುದಿಲ್ಲ. ಪ್ರಕಟವಾಗದ್ದು ಟೆನ್ಯೂರ್, ಅಂದರೆ ಕಾಯಂ ಹುದ್ದೆ ಕೊಡುವ ಸಮಿತಿಯ ಕಣ್ಣಿಗೆ ಬೀಳುವುದಿಲ್ಲ. ಹತ್ತು ವರ್ಷ ಬೆವರು ಸುರಿಸಿದವನ ಬಯೋಡೇಟಾ ಎರಡೇ ಪುಟ ಇರುತ್ತದೆ. ಜೊತೆಗೆ ಅವರ ವಿದ್ಯಾರ್ಥಿಗಳು ಸಮವಸ್ತ್ರದವರು. ಎರಡು ವರ್ಷ ಓದಿ, ಥೀಸಿಸ್ ಬರೆದು, ಮತ್ತೆ ಹಡಗಿಗೆ ಹೋಗುವವರು. ಐದಾರು ವರ್ಷ ಕೂತು ಒಂದೇ ಪ್ರಶ್ನೆ ಅಗೆಯುವ ಪಿಎಚ್‌ಡಿ ವಿದ್ಯಾರ್ಥಿಗಳು ಇಲ್ಲಿ ಅಪರೂಪ.

ಮಾಡಿದ್ದೇನು

ಗುಟ್ಟಿನ ಸಮಸ್ಯೆಗೆ ಅವರು ಮೊದಲೇ ಒಂದು ಗೆರೆ ಎಳೆದುಕೊಂಡರು. 1985ರಲ್ಲಿ ಹೊರಬಿದ್ದ ಒಂದು ಅಧ್ಯಕ್ಷೀಯ ನಿರ್ದೇಶನ ಅವರ ನೆರವಿಗಿತ್ತು. ವಿಶ್ವವಿದ್ಯಾಲಯಗಳ ಮೂಲ ಸಂಶೋಧನೆಯ ಫಲಿತಾಂಶಗಳು ಆದಷ್ಟೂ ಮುಕ್ತವಾಗಿರಬೇಕು, ಮುಚ್ಚಲೇಬೇಕಿದ್ದರೆ ಅಧಿಕೃತವಾಗಿ ಗುಟ್ಟು ಅಂತ ವರ್ಗೀಕರಿಸಬೇಕು ಎಂಬುದು ಅದರ ಸಾರ. ಹಾಗಾಗಿ ಅವರು ತಮ್ಮ ಸಿದ್ಧಾಂತ, ಕಂಪ್ಯೂಟರ್ ಕೋಡ್, ಗಾಳಿಯ ಲೆಕ್ಕಗಳನ್ನು ಮುಕ್ತ ಭಾಗವಾಗಿಟ್ಟರು. ನಿರ್ದಿಷ್ಟ ಹಡಗು, ನಿರ್ದಿಷ್ಟ ಗುರಿಯ ದುರ್ಬಲ ಜಾಗ, ಎಷ್ಟು ಹೊತ್ತಲ್ಲಿ ಕೆಡುತ್ತದೆ ಎಂಬ ಅಂಕಿಗಳನ್ನು ಮುಚ್ಚಿದ ಭಾಗವಾಗಿಟ್ಟರು. ಪ್ರತಿ ವಿದ್ಯಾರ್ಥಿಯ ಥೀಸಿಸ್ ವಿಷಯವನ್ನೂ ಎಲ್ಲರೂ ಓದಬಹುದಾದ ಬರಹ ಬರುವ ಹಾಗೆ ಆಯ್ದರು. ಅಮೆರಿಕದ ರಕ್ಷಣಾ ಇಲಾಖೆಯ ದಾಖಲೆಗಳ ಮೇಲೆ 'ಎ'ಯಿಂದ ಶುರುವಾಗುವ ವಿತರಣಾ ಮುದ್ರೆಗಳಿರುತ್ತವೆ. 'ಎ' ಅಂದರೆ ಯಾರು ಬೇಕಾದರೂ ಓದಬಹುದು. ಅವರ ಗುಂಪಿನ ಬಹುಪಾಲು ಥೀಸಿಸ್‌ಗಳಿಗೆ ಸಿಕ್ಕಿದ್ದು ಅದೇ. ಕೆಲವು ರೋಚಕ ವಿಷಯಗಳನ್ನು ಇದಕ್ಕಾಗಿ ಕೈಬಿಡಬೇಕಾಯಿತು. ನನ್ನ ಲೆಕ್ಕದಲ್ಲಿ ಈ ಇಡೀ ಪ್ರಕರಣದ ಅತಿ ದುಬಾರಿ ಮತ್ತು ಅತಿ ಲಾಭದ ನಿರ್ಧಾರ ಇದೇ.

ತರಗತಿಯಲ್ಲಿ ಅವರು ಬಳಸುತ್ತಿದ್ದ ಒಂದು ಲೆಕ್ಕ ನೋಡಿ. ಹೊಸ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಕೊಡುತ್ತಿದ್ದರು. 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ 10 ಸೆಂಟಿಮೀಟರ್ ಅಗಲದ ಲೇಸರ್ ಸ್ಪಾಟ್. ಅಷ್ಟು ಲೋಹದ ತೂಕ ಸುಮಾರು 64 ಗ್ರಾಂ. ಅದನ್ನು 660 ಡಿಗ್ರಿಗೆ ಬಿಸಿಮಾಡಿ ಕರಗಿಸಲು ಸುಮಾರು 62 ಕಿಲೋಜೂಲ್ ಬೇಕು. ಗುರಿಗೆ 30 ಕಿಲೋವಾಟ್ ತಲುಪಿದರೆ ಎರಡೇ ಸೆಕೆಂಡ್, ಅಲ್ವಾ? ಅಲ್ಲ. ಅಲ್ಯೂಮಿನಿಯಂ ಬಹುಪಾಲು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ. ಹತ್ತರಲ್ಲಿ ಒಂದು ಪಾಲು ಹೀರಿತು ಅಂದುಕೊಂಡರೆ ಇಪ್ಪತ್ತು ಸೆಕೆಂಡ್ ಆಯಿತು. ಅಷ್ಟು ಹೊತ್ತು ಅಲುಗಾಡುವ ಹಡಗಿನಿಂದ, ಅಲುಗಾಡುವ ಗುರಿಯ ಅದೇ ಅಂಗೈಯಗಲ ಜಾಗದ ಮೇಲೆ ಕಿರಣ ನಿಲ್ಲಿಸಬೇಕು. ಈ ಲೆಕ್ಕ ಮುಗಿಯುವ ಹೊತ್ತಿಗೆ ಸಿನಿಮಾದಲ್ಲಿ ಕಂಡ ಲೇಸರ್ ತಲೆಯಿಂದ ಇಳಿದುಹೋಗುತ್ತಿತ್ತು.

ಇನ್ನೊಂದು ತರಗತಿ ಪೂರ್ತಿ ಕಾನೂನಿನದು. 1995ರ ಅಂತರರಾಷ್ಟ್ರೀಯ ಒಪ್ಪಂದವೊಂದು ಜನರನ್ನು ಶಾಶ್ವತವಾಗಿ ಕುರುಡು ಮಾಡಲೆಂದೇ ರೂಪಿಸಿದ ಲೇಸರ್ ಅಸ್ತ್ರಗಳನ್ನು ನಿಷೇಧಿಸುತ್ತದೆ. ಡ್ರೋನ್ ಕೆಡವುವ ಲೇಸರ್‌ಗೆ ಅದು ಅಡ್ಡಿಯಲ್ಲ. ಆದರೆ ಚದುರಿದ ಬೆಳಕು ಯಾರ ಕಣ್ಣಿಗೆ ಬೀಳುತ್ತದೆ ಅಂತ ಲೆಕ್ಕ ಹಾಕದೆ ಯಾವ ವಿನ್ಯಾಸವೂ ಪೂರ್ತಿಯಲ್ಲ ಎಂದು ಅವರು ಪಟ್ಟು ಹಿಡಿಯುತ್ತಿದ್ದರು. ಪ್ರತಿಜ್ಞೆಗೆ ಸಹಿ ಹಾಕಿದ್ದ ಹಳೇ ಸ್ನೇಹಿತರೊಬ್ಬರು ಇದನ್ನು ಕೇಳಿ 'ಇದು ಸಮಾಧಾನಕ್ಕೆ ಹೇಳುವ ಮಾತು' ಅಂದರಂತೆ. ಇಬ್ಬರಲ್ಲೂ ಆ ವಾದ ಮುಗಿಯಲೇ ಇಲ್ಲ.

90ರ ದಶಕದ ಮೊದಲಲ್ಲಿ ಸೋವಿಯತ್ ಒಕ್ಕೂಟ ಹೋಯಿತು, ದೊಡ್ಡ ಹಣವೂ ಹೋಯಿತು. ಕ್ಷೇತ್ರದಲ್ಲಿ ಉಳಿದವರು ಕಮ್ಮಿ. ಸಿದ್ಧಾಂತಕ್ಕೆ ಬೇಕಾದ್ದು ಕಂಪ್ಯೂಟರ್ ಮತ್ತು ಸಂಬಳ ಅಷ್ಟೇ, ಹಾಗಾಗಿ ಪ್ರೊಫೆಸರ್ ಉಳಿದರು. ಆಮೇಲೆ ಜೆಫರ್ಸನ್ ಲ್ಯಾಬ್‌ನಿಂದ ಒಂದರ ಹಿಂದೊಂದು ಸುದ್ದಿ: 1998ರಲ್ಲಿ ಮೊದಲ ಬೆಳಕು, 1999ರಲ್ಲಿ 1.7 ಕಿಲೋವಾಟ್, 2004ರಲ್ಲಿ 10 ಕಿಲೋವಾಟ್, 2006ರಲ್ಲಿ 1.6 ಮೈಕ್ರಾನ್‌ನಲ್ಲಿ 14 ಕಿಲೋವಾಟ್. ಗಾಳಿಯ ಕಿಟಕಿಯಲ್ಲೇ! ಇಪ್ಪತ್ತು ವರ್ಷದ ವಾದ ಗೆದ್ದ ಹಾಗಿತ್ತು.

ತಿರುವು

ಗೆದ್ದ ಹೊತ್ತಿನಲ್ಲೇ ಎರಡು ವಿಷಯ ಅವರನ್ನು ಕಾಡಿದವು.

ಒಂದು, ಹಡಗಿನ ಎಂಜಿನಿಯರಿಂಗ್ ವಿಭಾಗದಲ್ಲಿ ಇದ್ದು ಬಂದ ಒಬ್ಬ ವಿದ್ಯಾರ್ಥಿಯ ಥೀಸಿಸ್. ಮೆಗಾವಾಟ್ ಲೇಸರನ್ನು ಹಡಗಿನಲ್ಲಿ ಎಲ್ಲಿ ಇಡುವುದು ಎಂಬುದು ಅವನ ಪ್ರಶ್ನೆ. ಅವನು ಲೇಸರ್‌ನಿಂದ ಶುರು ಮಾಡಲಿಲ್ಲ. ಹೀಲಿಯಂ ಶೈತ್ಯ ಘಟಕದಿಂದ ಶುರು ಮಾಡಿದ. ಅದು ಬೆಚ್ಚಗಿನ ಸ್ಥಿತಿಯಿಂದ 2 ಕೆಲ್ವಿನ್‌ಗೆ ಇಳಿಯಲು ಎಷ್ಟು ಹೊತ್ತು? ಸಮುದ್ರದ ಮಧ್ಯೆ ಕೆಟ್ಟರೆ ಬಿಡಿಭಾಗ ಎಲ್ಲಿ, ಸರಿಮಾಡುವವನು ಯಾವ ದರ್ಜೆಯವನು? ಅಲೆ ಹೊಡೆದಾಗ ಹತ್ತಾರು ಮೀಟರ್ ಉದ್ದದ ಕಿರಣದ ದಾರಿ ಎಷ್ಟು ಬಾಗುತ್ತದೆ? ಎಕ್ಸ್‌ರೇ ಗೋಡೆಯ ಪಕ್ಕದ ಕೋಣೆಯಲ್ಲಿ ಯಾರು ಮಲಗುತ್ತಾರೆ? ಭೌತಶಾಸ್ತ್ರದ ಅಧ್ಯಾಯ ಸಣ್ಣದಿತ್ತು. ಪ್ರೊಫೆಸರ್ ಅದನ್ನು ದೊಡ್ಡದು ಮಾಡು ಅನ್ನಲಿಲ್ಲ.

ವಿದ್ಯುತ್ತಿನ ಮಾತೂ ಅದರಲ್ಲೇ ಬಂತು. ಇಂಥ ಯಂತ್ರಕ್ಕೆ ತಕ್ಕ ಹಡಗು ಅಂದರೆ 78 ಮೆಗಾವಾಟ್ ಉತ್ಪಾದಿಸುವ ಜುಮ್ವಾಲ್ಟ್ ವರ್ಗದ್ದು. ಮೊದಲು 32 ಕಟ್ಟುವ ಯೋಚನೆಯಿತ್ತು. ಕೊನೆಗೆ ಕಟ್ಟಿದ್ದು 3. ಲೇಸರ್ ಸಿದ್ಧವಾಗುವ ಮುಂಚೆಯೇ ಅದರ ಮನೆ ಹೋಯಿತು.

ಎರಡನೆಯದು ಇನ್ನೂ ಹತ್ತಿರದ ಪೆಟ್ಟು, ಬಂದದ್ದು ಅವರದೇ ಕೋಡ್‌ನಿಂದ. ಆ ಹೊತ್ತಿಗೆ ಕಾರ್ಖಾನೆಗಳಲ್ಲಿ ಉಕ್ಕು ಬೆಸೆಯಲು ಫೈಬರ್ ಲೇಸರ್ ಬಂದಿತ್ತು. ಇಟರ್ಬಿಯಂ ಸೇರಿಸಿದ ಗಾಜಿನ ಎಳೆ, ತರಂಗಾಂತರ ಸುಮಾರು 1.07 ಮೈಕ್ರಾನ್, ಒಂದೊಂದರಿಂದ ಕೆಲವು ಕಿಲೋವಾಟ್. ಹತ್ತಾರು ಎಳೆಗಳ ಬೆಳಕನ್ನು ಅಲೆಗೆ ಅಲೆ ಕೂಡಿಸಿ ಒಂದೇ ಕಿರಣ ಮಾಡುವುದು ಕಷ್ಟ. ಸುಮ್ನೆ ಅಕ್ಕಪಕ್ಕ ಇಟ್ಟು ಒಂದೇ ಕಡೆ ಬೀರಿದರೆ ಕಿರಣದ ಗುಣಮಟ್ಟ ಕಳಪೆ. ಹಾಗಾಗಿ ಭೌತಶಾಸ್ತ್ರಜ್ಞರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಒಬ್ಬ ವಿದ್ಯಾರ್ಥಿಗೆ ಪ್ರೊಫೆಸರ್ ಈ ಹೋಲಿಕೆಯ ಲೆಕ್ಕ ಕೊಟ್ಟರು. ಪೂರ್ಣ ಗುಣಮಟ್ಟದ ಕಿರಣ, 30 ಸೆಂಟಿಮೀಟರ್ ಕನ್ನಡಿ, 5 ಕಿಲೋಮೀಟರ್ ದೂರ, 1 ಮೈಕ್ರಾನ್. ಗಾಳಿಯೇ ಇಲ್ಲದಿದ್ದರೆ ಸ್ಪಾಟ್ ಎರಡು ಸೆಂಟಿಮೀಟರ್‌ಗಿಂತ ಕಮ್ಮಿ. ಆದರೆ ಸಮುದ್ರದ ಮೇಲೆ ಗಾಳಿಯ ಕದಡಿಕೆ ಇದೆ. ಕಿರಣ ಚೆದುರದೆ ಒಟ್ಟಾಗಿ ಉಳಿಯುವ ಅಗಲ ಅಲ್ಲಿ ಕೆಲವೇ ಸೆಂಟಿಮೀಟರ್ ಇರುವ ದಿನಗಳುಂಟು. ಅದು 5 ಸೆಂಟಿಮೀಟರ್ ಅಂತ ಹಿಡಿದರೆ, ಕನ್ನಡಿ ಎಷ್ಟೇ ದೊಡ್ಡದಿರಲಿ, ಕಿರಣ ಎಷ್ಟೇ ಶುದ್ಧವಿರಲಿ, ಗುರಿಯ ಮೇಲೆ ಸ್ಪಾಟ್ 10 ಸೆಂಟಿಮೀಟರ್ ಆಗಿಬಿಡುತ್ತದೆ. ಕಳಪೆ ಅಂತ ಬದಿಗಿಟ್ಟ ಫೈಬರ್ ಗೊಂಚಲಿನ ಸ್ಪಾಟ್ ಕೂಡ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಶುದ್ಧ ಕಿರಣಕ್ಕೆ ಸುರಿದ ಹಣವನ್ನು ಗಾಳಿ ತಿಂದುಹಾಕುತ್ತದೆ. ಅಷ್ಟೇ ಅಲ್ಲ, 1.07 ಮೈಕ್ರಾನ್ ಒಂದು ಒಳ್ಳೆಯ ಕಿಟಕಿಯ ಪಕ್ಕದಲ್ಲೇ ಇದೆ. ಬಣ್ಣ ಆರಿಸುವ ಸ್ವಾತಂತ್ರ್ಯ ಇಲ್ಲದಿದ್ದರೂ ಫೈಬರ್‌ಗೆ ಅದೃಷ್ಟ ಒಲಿದಿತ್ತು.

ಇದೇ ಕಾಲಕ್ಕೆ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದವರೂ ಇಂಥದೇ ವಾದ ಮುಂದಿಟ್ಟಿದ್ದರು. ಹಾಗಾಗಿ ಇದು ಪ್ರೊಫೆಸರ್ ಒಬ್ಬರ ಕೈಯಲ್ಲಿದ್ದ ಗುಟ್ಟೇನಲ್ಲ. ಆದರೂ ಅವರ ಗ್ರಾಂಟ್ ಬರುತ್ತಿದ್ದುದು ಫ್ರೀ ಎಲೆಕ್ಟ್ರಾನ್ ಲೇಸರ್ ಹೆಸರಲ್ಲಿ. ವಾರ್ಷಿಕ ಪರಿಶೀಲನೆಗೆ ಯಾವ ಸ್ಲೈಡ್ ಒಯ್ಯುವುದು? ಜೊತೆಗಾರರೊಬ್ಬರು 'ಎರಡು ದೋಣಿಯಲ್ಲಿ ಕಾಲಿಡಬೇಡಿ' ಅಂದರು. ಲೆಕ್ಕ ಇನ್ನೂ ಕಚ್ಚಾ, ಕದಡಿಕೆ ಕಮ್ಮಿ ಇರುವ ದಿನಗಳೂ ಇವೆ, ಇನ್ನೊಂದು ವರ್ಷ ತಡೆದು ಹೇಳಬಹುದು ಅಂತ ಅವರ ಸಲಹೆ. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಪ್ರೊಫೆಸರ್ ಆ ಸ್ಲೈಡ್ ಒಯ್ದರು. ಕದಡಿಕೆ ಕಮ್ಮಿ ಇದ್ದಾಗ ಏನಾಗುತ್ತದೆ ಎಂಬ ಗೆರೆಯನ್ನೂ ಅದೇ ನಕ್ಷೆಯಲ್ಲಿ ಹಾಕಿದ್ದರು. ಕಿಲೋವಾಟ್ ದರ್ಜೆ, ಕೆಲವು ಕಿಲೋಮೀಟರ್, ಡ್ರೋನ್ ಮತ್ತು ದೋಣಿ ಅಂದರೆ ಫೈಬರ್ ಸಾಕು. ಮೆಗಾವಾಟ್ ದರ್ಜೆ, ವೇಗದ ಕ್ಷಿಪಣಿ ಅಂದರೆ ಫ್ರೀ ಎಲೆಕ್ಟ್ರಾನ್ ಲೇಸರ್‌ನ ವಾದ ಇನ್ನೂ ನಿಲ್ಲುತ್ತದೆ. ಅವರು ಹೇಳಿದ್ದು ಇಷ್ಟೇ. ಕೋಣೆಯಲ್ಲಿ ಅವರದೇ ಪಾಳಯದ ಕೆಲವರ ಮುಖ ಸಪ್ಪೆಯಾಯಿತು.

ಅದೇ ವರ್ಷ ಅವರು ಗುಂಪನ್ನು ಎರಡು ಮಾಡಿದರು. ಅರ್ಧ ಯಂತ್ರದ ಲೆಕ್ಕ, ಅರ್ಧ ಗಾಳಿಯ ಲೆಕ್ಕ. ಗಾಳಿಯ ಕೋಡ್‌ನಿಂದ 'ಫ್ರೀ ಎಲೆಕ್ಟ್ರಾನ್' ಎಂಬ ಊಹೆಯನ್ನೆಲ್ಲ ಕಿತ್ತು, ಯಾವ ಲೇಸರ್‌ನ ಅಂಕಿಯನ್ನಾದರೂ ಹಾಕಬಹುದಾದ ಹಾಗೆ ಬರೆಸಿದರು. ನೋಡಲು ಸಣ್ಣ ಕೆಲಸ. ಮುಂದೆ ನಡೆದದ್ದನ್ನು ನೋಡಿದರೆ ಗುಂಪು ಉಳಿದದ್ದು ಇದರಿಂದಲೇ.

ಆದದ್ದೇನು

2009ರಲ್ಲಿ ಲಾಸ್ (ಲೇಸರ್ ವೆಪನ್ ಸಿಸ್ಟಮ್) ಎಂಬ ನೌಕಾಪಡೆಯ ವ್ಯವಸ್ಥೆ ಕ್ಯಾಲಿಫೋರ್ನಿಯಾದ ಚೈನಾ ಲೇಕ್‌ನಲ್ಲಿ ಡ್ರೋನ್‌ಗಳನ್ನು ಕೆಡವಿತು. ಅದರ ಹೃದಯದಲ್ಲಿದ್ದದ್ದು ಬೆಸುಗೆಗೆ ಬಳಸುವ ಆರು ಫೈಬರ್ ಲೇಸರ್‌ಗಳು, ತಲಾ 5.5 ಕಿಲೋವಾಟ್. ಅಲೆಗೆ ಅಲೆ ಕೂಡಿಸಿರಲಿಲ್ಲ, ಒಂದೇ ದೂರದರ್ಶಕದಿಂದ ಬೀರುತ್ತಿದ್ದರು. 2011ರ ಏಪ್ರಿಲ್‌ನಲ್ಲಿ ಇನ್ನೊಂದು ಘನಸ್ಥಿತಿ ಲೇಸರ್ (ಗಾಜು, ಹರಳಿನಂಥ ಗಟ್ಟಿ ವಸ್ತುವಿನಲ್ಲಿ ಬೆಳಕು ಹುಟ್ಟಿಸುವಂಥದ್ದು, ಫೈಬರ್ ಲೇಸರ್ ಕೂಡ ಇದೇ ಜಾತಿ), 15 ಕಿಲೋವಾಟ್‌ನದು, ಕ್ಯಾಲಿಫೋರ್ನಿಯಾದ ತೀರದಾಚೆ ಒಂದು ಹಡಗಿನಿಂದ ಸಣ್ಣ ದೋಣಿಯ ಎಂಜಿನ್‌ಗೆ ಬೆಂಕಿ ಹಚ್ಚಿತು. ಆ ದೃಶ್ಯವನ್ನು ಪತ್ರಿಕೆಗಳು, ಟಿವಿ ಎಲ್ಲ ತೋರಿಸಿದವು. ಅದೇ ವರ್ಷ ಜೂನ್‌ನಲ್ಲಿ ಸೆನೆಟ್‌ನ ಸಶಸ್ತ್ರ ಸೇವಾ ಸಮಿತಿ ಫ್ರೀ ಎಲೆಕ್ಟ್ರಾನ್ ಲೇಸರ್ ಅಸ್ತ್ರದ ಹಣ ನಿಲ್ಲಿಸಬೇಕೆಂದಿತು. ಬೋಯಿಂಗ್‌ಗೆ 100 ಕಿಲೋವಾಟ್ ಮಾದರಿಯ ವಿನ್ಯಾಸ ಮುಂದುವರಿಸಲು ಗುತ್ತಿಗೆ ಕೊಟ್ಟು ಆಗ ಒಂದು ವರ್ಷವೂ ಆಗಿರಲಿಲ್ಲ. ನೌಕಾಪಡೆ ಮೆಲ್ಲಗೆ ಘನಸ್ಥಿತಿ ಲೇಸರ್ ಕಡೆ ತಿರುಗಿತು.

2014ರಲ್ಲಿ ಲಾಸ್ ಯುಎಸ್‌ಎಸ್ ಪೊನ್ಸ್ ಹಡಗು ಹತ್ತಿ ಪರ್ಷಿಯನ್ ಕೊಲ್ಲಿಗೆ ಹೋಯಿತು. ಆವರೆಗಿನ ಖರ್ಚು ಸುಮಾರು 4 ಕೋಟಿ ಡಾಲರ್ ಅಂತ ವರದಿಯಾಯಿತು. ಒಂದು ಹೊಡೆತಕ್ಕೆ ಒಂದು ಡಾಲರ್‌ಗಿಂತ ಕಮ್ಮಿ ಅಂತ ನೌಕಾಪಡೆ ಹೇಳಿಕೊಂಡಿತು. ಆ ಲೆಕ್ಕದಲ್ಲಿ ಇರುವುದು ಇಂಧನ ಮಾತ್ರ, ಯಂತ್ರದ ಬೆಲೆ ಇಲ್ಲ ಎಂಬುದನ್ನು ಪ್ರೊಫೆಸರ್ ತರಗತಿಯಲ್ಲಿ ನೆನಪಿಸದೆ ಬಿಡುತ್ತಿರಲಿಲ್ಲ.

ಯಂತ್ರದ ಅರ್ಧ ಗುಂಪಿಗೆ ಎರಡು ವರ್ಷದಲ್ಲಿ ಹಣ ಬತ್ತಿತು. ಒಬ್ಬ ಸಹಾಯಕ ಸಂಶೋಧಕರು ಬೇರೆ ಕಡೆ ಹೋಗಬೇಕಾಯಿತು. ಅವರಿಗೆ ದಾರಿ ಸಿಕ್ಕಿದ್ದು ಎಕ್ಸ್‌ರೇ ಕಡೆ. 2009ರಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಲ್ಯಾಕ್ ಎಂಬ ವೇಗವರ್ಧಕ ಪ್ರಯೋಗಾಲಯದಲ್ಲಿ ಎಕ್ಸ್‌ರೇ ಫ್ರೀ ಎಲೆಕ್ಟ್ರಾನ್ ಲೇಸರ್ 1.5 ಆಂಗ್‌ಸ್ಟ್ರಾಂನಲ್ಲಿ (ಆಂಗ್‌ಸ್ಟ್ರಾಂ ಅಂದರೆ ಮೈಕ್ರಾನ್‌ನ ಹತ್ತು ಸಾವಿರದ ಒಂದು ಪಾಲು) ಬೆಳಗಿತ್ತು. ಪ್ರೋಟೀನ್‌ನ ರಚನೆ ನೋಡುವ ಆ ಯಂತ್ರದ ಮೂಲ ಸಮೀಕರಣಗಳೂ ಹಡಗಿನ ಲೇಸರ್‌ನವೇ. ಥೀಸಿಸ್‌ಗಳು, ಕೋಡ್, ಪ್ರಬಂಧಗಳು ಎಲ್ಲ ಮುಕ್ತವಾಗಿದ್ದರಿಂದ ಅವರ ಕೆಲಸದ ತೂಕ ಏನೆಂದು ಹೊಸ ಜಾಗದವರಿಗೆ ಓದಿ ತಿಳಿಯಿತು. ಇದೇ ವಿಷಯದ ಮೇಲೆ ಮುಚ್ಚಿದ ಬಾಗಿಲ ಹಿಂದೆ ದುಡಿದವರಿಗೆ ಆ ಅನುಕೂಲ ಇರಲಿಲ್ಲ. ಯುವ ಸಂಶೋಧಕರು ಗ್ರಾಂಟ್‌ನ ಮೊತ್ತ ನೋಡುವ ಮುಂಚೆ ಅದರ ವಿತರಣಾ ಷರತ್ತು ಓದಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಗಾಳಿಯ ಅರ್ಧ ಗುಂಪಿಗೆ ಕೆಲಸ ಹೆಚ್ಚಾಯಿತು. ಫೈಬರ್ ಲೇಸರ್ ಬೀರುವವರಿಗೂ ಕದಡಿಕೆ, ಬ್ಲೂಮಿಂಗ್, ಮಂಜು, ಉಪ್ಪಿನ ಹನಿಗಳ ಲೆಕ್ಕ ಬೇಕು. ಅದನ್ನು ಮಾಡುವ ಕೋಡ್ ಸಿದ್ಧವಿತ್ತು, ಅದನ್ನು ನಡೆಸಬಲ್ಲ ಅಧಿಕಾರಿಗಳೂ ಇದ್ದರು. ವರ್ಷ ವರ್ಷ ಹೊರಟುಹೋಗುತ್ತಿದ್ದ ವಿದ್ಯಾರ್ಥಿಗಳೇ ಈಗ ಲೇಸರ್ ಯೋಜನೆಗಳ ಕಚೇರಿಗಳಲ್ಲಿ, ಹಡಗುಗಳಲ್ಲಿ ಕೂತಿದ್ದರು. ಮೊದಲು ಅನನುಕೂಲ ಅಂದುಕೊಂಡದ್ದು ಇದು. ಪಿಎಚ್‌ಡಿ ವಿದ್ಯಾರ್ಥಿಗಳಿದ್ದಿದ್ದರೆ ಪ್ರಬಂಧ ಜಾಸ್ತಿ ಬರುತ್ತಿದ್ದವೇನೋ. ಆದರೆ ಹೀಲಿಯಂನ ಪ್ರಶ್ನೆ ಕೇಳುವವನು ಬರುತ್ತಿರಲಿಲ್ಲ.

ಹಾಗಂತ ಎಲ್ಲವೂ ಸುಖಾಂತ್ಯ ಅಲ್ಲ. ಪ್ರೊಫೆಸರ್ ತಮ್ಮ ಜೀವನದ ಹೆಚ್ಚಿನ ಭಾಗ ಕೊಟ್ಟ ಯಂತ್ರ ಹಡಗು ಹತ್ತಲಿಲ್ಲ. ಆ ಯಂತ್ರಕ್ಕೆ ಬೇಕಾಗಿದ್ದುದು 1 ಆಂಪಿಯರ್. ಜೆಫರ್ಸನ್ ಲ್ಯಾಬ್ ತಲುಪಿದ್ದು ಅದರ ನೂರನೇ ಒಂದು ಪಾಲಿನ ಹತ್ತಿರ. ಇನ್ನೂ ಹತ್ತು ವರ್ಷ ಹಣ ಬಂದಿದ್ದರೆ ಉಳಿದದ್ದನ್ನು ದಾಟಬಹುದಿತ್ತು ಅಂತ ಅವರು ಈಗಲೂ ವಾದಿಸುತ್ತಾರೆ. ನನಗೆ ಆ ವಾದ ಪೂರ್ತಿ ಒಪ್ಪಿಗೆ ಇಲ್ಲ. ಪ್ರವಾಹ ದಾಟಿದ್ದರೂ ಹೀಲಿಯಂ ಘಟಕ ಅಲ್ಲೇ ಇರುತ್ತಿತ್ತು. ಬೆಸುಗೆ ಉದ್ಯಮ ತನ್ನ ದುಡ್ಡಲ್ಲಿ ಫೈಬರ್ ಲೇಸರ್‌ನ ಬೆಲೆ ಇಳಿಸುತ್ತಾ ಹೋದದ್ದಕ್ಕೆ ಸಮನಾದ ತಳ್ಳು ಇನ್ನೊಂದು ಕಡೆ ಇರಲೇ ಇಲ್ಲ. ತನ್ನ ಕ್ಷೇತ್ರದ ಪೈಪೋಟಿ ತನ್ನ ಸಮ್ಮೇಳನಗಳಿಗೆ ಬರುವವರಿಂದಲೇ ಬರುತ್ತದೆ ಅಂತ ಬಹಳ ಸಂಶೋಧಕರು ಅಂದುಕೊಂಡಿರುತ್ತಾರೆ. ಇಲ್ಲಿ ಅದು ಬಂದದ್ದು ಕಾರ್ಖಾನೆಯ ನೆಲದಿಂದ.

ಮುಂದೆ

2020ರ ಮೇ ತಿಂಗಳಲ್ಲಿ ಯುಎಸ್‌ಎಸ್ ಪೋರ್ಟ್‌ಲ್ಯಾಂಡ್ ಹಡಗಿನ 150 ಕಿಲೋವಾಟ್ ದರ್ಜೆಯ ಲೇಸರ್ ಒಂದು ಡ್ರೋನ್ ಕೆಡವಿತು. 2022ರಲ್ಲಿ ಲಾಕ್‌ಹೀಡ್ ಮಾರ್ಟಿನ್ 300 ಕಿಲೋವಾಟ್ ದರ್ಜೆಯ ಲೇಸರನ್ನು ಅಮೆರಿಕದ ರಕ್ಷಣಾ ಇಲಾಖೆಗೆ ಒಪ್ಪಿಸಿತು. ಶಕ್ತಿ ಏರುತ್ತಿದ್ದಂತೆ ಬ್ಲೂಮಿಂಗ್‌ನ ಪ್ರಶ್ನೆ ಮತ್ತೆ ಮೇಲೆದ್ದಿದೆ. 30 ಕಿಲೋವಾಟ್‌ನಲ್ಲಿ ಗಾಳಿ ಸಹಿಸಿಕೊಂಡದ್ದನ್ನು 300ರಲ್ಲಿ ಸಹಿಸಬೇಕೆಂದಿಲ್ಲ, ಅದರಲ್ಲೂ ಗುರಿ ನೇರ ಎದುರಿಂದ ಬರುವಾಗ. ಫೈಬರ್‌ನ ಬಣ್ಣವೋ ಹೆಚ್ಚುಕಮ್ಮಿ ಗಟ್ಟಿಯಾಗಿ ಕೂತದ್ದು.

ಪ್ರೊಫೆಸರ್ ನಿವೃತ್ತರಾಗುವಾಗ ಅವರ ಜಾಗಕ್ಕೆ ಯಾರು ಬೇಕು ಎಂಬ ಚರ್ಚೆಯಾಯಿತು. ಹುದ್ದೆಯ ಜಾಹೀರಾತಿನಲ್ಲಿ ಫೈಬರ್ ಲೇಸರ್ ತಜ್ಞರು ಅಂತ ಹಾಕೋಣ ಎಂಬುದು ಬಹುಮತ. ಅವರು ಒಪ್ಪಲಿಲ್ಲ. ಕರಡಿನಲ್ಲಿ ಲೇಸರ್‌ನ ಹೆಸರಿದ್ದ ಕಡೆಯೆಲ್ಲ ಗೆರೆ ಎಳೆದು 'ಸಮುದ್ರದ ಗಾಳಿಯಲ್ಲಿ ಹೆಚ್ಚು ಶಕ್ತಿಯ ಬೆಳಕಿನ ಸಾಗಣೆ' ಅಂತ ಬರೆದರು. ಹುದ್ದೆಗೆ ಬಂದವರು ವಾಯುಮಂಡಲ ವಿಜ್ಞಾನದವರು. ಲೇಸರ್ ಕಟ್ಟಿದ ಅನುಭವ ಅವರಿಗಿಲ್ಲ. ಬಂದ ಮೊದಲ ಸೆಮಿಸ್ಟರ್‌ನಲ್ಲೇ ಅವರು ಕೊಟ್ಟ ಥೀಸಿಸ್ ವಿಷಯ: 300 ಕಿಲೋವಾಟ್, ಅಡ್ಡಗಾಳಿ ಇಲ್ಲದ ದಿನ, ನೇರ ಎದುರಿಂದ ಬರುವ ಗುರಿ, 1.07 ಮತ್ತು 1.6 ಮೈಕ್ರಾನ್‌ಗಳ ಹೋಲಿಕೆ.